ಆಯ್ತಣ್ಣನ ತಾತ್ಕಾಲಿಕ ಸಾಲು

ಹದಿನೆಂಟು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕುಳಿತವನನ್ನು ಆಫೀಸಿನಲ್ಲಿ ಎಲ್ಲರೂ ಆಯ್ತಣ್ಣ ಎಂದೇ ಕರೆಯುತ್ತಿದ್ದರು. ಕಾರಣ ಹುಡುಕಲು ಬಹಳ ಕಷ್ಟಪಡಬೇಕಿರಲಿಲ್ಲ. ಯಾರು ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು 'ಆಯ್ತು' ಎಂಬ ಒಂದೇ ಮಾತು. ಆರು ತಿಂಗಳ ಕೆಲಸ ಆರು ದಿನದಲ್ಲಿ ಬೇಕು ಎಂದು ಮ್ಯಾನೇಜರು ಹೇಳಿದರೆ ಆಯ್ತು. ನಿನ್ನ ಕುರ್ಚಿ ಚೆನ್ನಾಗಿದೆ, ನನಗಿರಲಿ ಎಂದು ಯಾರಾದರೂ ಹೇಳಿದರೆ ಆಯ್ತು. ಒಮ್ಮೆ ಹೊರಗಡೆ ಹಗ್ಗಕ್ಕೆ ನೇತುಬಿದ್ದು ಕಿಟಕಿ ಗಾಜು ಒರೆಸುತ್ತಿದ್ದವನು, 'ಒಂದ್ನಿಮಿಷ ಈ ಬಕೆಟ್ ಹಿಡ್ಕೊಳಿ ಸಾರ್' ಎಂದು ಇವನ ಕೈಗೆ ಕೊಟ್ಟು ಊಟಕ್ಕೆ ಹೋಗಿಬಿಟ್ಟ. ಮೂರನೆಯ ಮಹಡಿಯ ಕಿಟಕಿಯಿಂದ ಎಡಗೈ ಆಚೆ ಚಾಚಿ ಬಕೆಟ್ ಹಿಡಿದುಕೊಂಡು, ಬಲಗೈಯಲ್ಲಿ ಟೈಪು ಮಾಡುತ್ತಾ ಇವನು ಎರಡು ಗಂಟೆ ಕುಳಿತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಅವನ ಎಡಗೈ ಬಲಗೈಗಿಂತ ನಾಲ್ಕು ಬೆರಳು ಉದ್ದವಿದೆ. ನಂಬದವರು ಅಳೆದು ನೋಡಬಹುದು. ಕೇಳಿದರೆ ಆಯ್ತು ಎನ್ನುತ್ತಾನೆ.

ಇಂಥವನು ಜೀವಮಾನದಲ್ಲಿ 'ಆಗಲ್ಲ' ಎಂದದ್ದು ಎರಡೇ ಸಲ. ಮೊದಲನೆಯದು ಒಂದೂವರೆ ವರ್ಷದವನಿದ್ದಾಗ, ಹೊಟ್ಟೆಹುಳದ ಔಷಧಿಗೆ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಆಸ್ಪತ್ರೆಗಳಿಗೆ ತಂತ್ರಾಂಶ ಮಾಡಿಕೊಡುವ ಸಣ್ಣ ಕಂಪನಿ. ಆಯ್ತಣ್ಣ ತಂತ್ರಾಂಶ ಬರೆಯುತ್ತಿದ್ದ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬ ಕೈಪಿಡಿಯನ್ನು ನಾನು ಬರೆಯುತ್ತಿದ್ದೆ. ಅವನು ಬರೆದದ್ದನ್ನು ಸಾವಿರಾರು ಜನ ದಿನವೂ ಬಳಸುತ್ತಿದ್ದರು. ನಾನು ಬರೆದದ್ದನ್ನು ಅಲುಗುವ ಮೇಜಿನ ಕಾಲಡಿಗೆ ಇಡುತ್ತಿದ್ದರು. ಇಬ್ಬರ ಬರವಣಿಗೆಯಲ್ಲಿ ಯಾವುದು ಹೆಚ್ಚು ಭದ್ರ ಎಂಬುದನ್ನು ಈ ಕತೆ ಓದಿದ ಮೇಲೆ ನೀವೇ ಹೇಳಿ.

ಅವನ ಮೇಜಿಗೆ ಎರಡು ಡ್ರಾಯರು. ಮೇಲಿನದರಲ್ಲಿ ಕರಿದ ತಿಂಡಿಯ ಪೊಟ್ಟಣಗಳು ಮತ್ತು ಸಕ್ಕರೆ ಸವರಿದ ಬಿಸ್ಕತ್ತು. ಆರು ವರ್ಷದಿಂದ ಅವನಿಗಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳೂ ಅಲ್ಲೇ, ಬಿಸ್ಕತ್ತಿನ ಮಗ್ಗುಲಲ್ಲೇ. 'ಅಕ್ಕಪಕ್ಕ ಇದ್ರೆ ಅವೆರಡೂ ರಾಜಿ ಮಾಡ್ಕೊಳ್ತವೆ' ಎನ್ನುತ್ತಿದ್ದ. ಕೆಳಗಿನ ಡ್ರಾಯರು ಹದಿನೆಂಟು ವರ್ಷದಲ್ಲಿ ತೆರೆದಿರಲಿಲ್ಲ. ತೆರೆಯಬೇಕಾದರೆ ಬಗ್ಗಬೇಕಿತ್ತು.

ಈ ಪ್ರಪಂಚದಲ್ಲಿ ಆಯ್ತಣ್ಣ ಹೆದರುತ್ತಿದ್ದುದು ಒಬ್ಬರಿಗೆ ಮಾತ್ರ, ಅವನ ಅಕ್ಕನಿಗೆ. ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು, ಅವನನ್ನು ಎತ್ತಿ ಆಡಿಸಿದವಳು, ಓದಿಸಿದವಳು. ದೊಡ್ಡ ಆಸ್ಪತ್ರೆಯೊಂದರ ಎರಡನೆಯ ವಾರ್ಡಿನ ಹೆಡ್ ನರ್ಸು. ಅಲ್ಲಿ ಅವಳದೊಂದು ಪದ್ಧತಿಯಿತ್ತು. ಯಾವ ರೋಗಿಗೇ ಆಗಲಿ, ಒಂದು ಮಾತ್ರೆ ಕೊಡುವ ಮುಂಚೆ ಹೆಸರು ಕೇಳುವುದು, ಹುಟ್ಟಿದ ತಾರೀಕು ಕೇಳುವುದು, ಆಮೇಲೆ ಮಣಿಕಟ್ಟಿನ ಪಟ್ಟಿ ತಿರುಗಿಸಿ ಓದುವುದು, ಅದು ಕೈಯಲ್ಲಿರುವ ಚೀಟಿಗೆ ಹೊಂದಿದರೆ ಮಾತ್ರ ಮಾತ್ರೆ. ಬೆಳಿಗ್ಗೆ ಕೇಳಿದವಳೇ ಮಧ್ಯಾಹ್ನ ಮತ್ತೆ ಕೇಳುತ್ತಿದ್ದಳು. ಕಾಲು ಮುರಿದುಕೊಂಡು ಐವತ್ತು ದಿನ ಮಲಗಿದ್ದ ಲಾರಿ ಡ್ರೈವರೊಬ್ಬನಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮನೆಗೆ ಹೋದ ಮೇಲೂ ಹೆಂಡತಿ ತಟ್ಟೆ ಇಟ್ಟ ಕೂಡಲೇ ಹೆಸರು, ತಾರೀಕು ಒಪ್ಪಿಸಿ ಕೈ ಚಾಚುತ್ತಿದ್ದನಂತೆ. ಆಸ್ಪತ್ರೆಯ ನಿರ್ದೇಶಕರೇ ಒಮ್ಮೆ ಜ್ವರ ಬಂದು ಆ ವಾರ್ಡಿನಲ್ಲಿ ಮಲಗಿದ್ದರು. ಗೋಡೆಯ ಮೇಲೆ ಅವರದೇ ಆಳೆತ್ತರದ ಫೋಟೋ. ಅಕ್ಕ ಫೋಟೋ ನೋಡಿದಳು, ಮಂಚದ ಮೇಲಿದ್ದವರನ್ನು ನೋಡಿದಳು, 'ನಿಮ್ಮ ಹೆಸರು?' ಎಂದಳು.

ಇದಕ್ಕೆ ಕಾರಣವಿತ್ತು. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದೇ ಹೆಸರಿನ ಇಬ್ಬರು ಅಕ್ಕಪಕ್ಕ ಮಲಗಿದ್ದರು. ಸೂಜಿ ಒಬ್ಬನ ತೋಳಿಗೆ ತಾಕಿಯೂ ಆಗಿತ್ತು; ಪಕ್ಕದವನು ಕೆಮ್ಮಿ, 'ಅದು ನಂದೇನೋ ಸಿಸ್ಟರ್' ಎಂದ. ಆ ಕೆಮ್ಮು ಮೂವತ್ತೇಳು ವರ್ಷವಾದರೂ ಅವಳ ಕಿವಿಯಿಂದ ಹೋಗಿರಲಿಲ್ಲ.

ಈಗ ಆ ಸಾಲಿನ ವಿಷಯ.

ಒಂಬತ್ತು ವರ್ಷದ ಹಿಂದೆ ಅಕ್ಕನ ಆಸ್ಪತ್ರೆಗೇ ತಂತ್ರಾಂಶ ಮಾಡುವ ಕೆಲಸ ನಮಗೆ ಬಂತು. ಲ್ಯಾಬಿನವರು ರಕ್ತ ಪರೀಕ್ಷೆ ಮಾಡಿದ ಕೂಡಲೇ ವರದಿ ನೇರವಾಗಿ ವಾರ್ಡಿನ ಪರದೆಯ ಮೇಲೆ ಬರಬೇಕು, ಚೀಟಿ ಹಿಡಿದುಕೊಂಡು ಯಾರೂ ಓಡಾಡಬಾರದು. ಇದಕ್ಕೆ ವಾರ್ಡಿನ ಯಂತ್ರ ಲ್ಯಾಬಿನ ಯಂತ್ರದ ಜೊತೆ ಮಾತಾಡಬೇಕು. ಇಂಥ ಮಾತುಕತೆಗೆ ಲೋಕದ ಕಂಪ್ಯೂಟರುಗಳೆಲ್ಲ ಒಪ್ಪಿಕೊಂಡ ಒಂದು ಮರ್ಯಾದೆಯಿದೆ. 'ನಾನೇ ಲ್ಯಾಬು' ಎಂದು ಬಾಯಲ್ಲಿ ಹೇಳಿದರೆ ಸಾಲದು, ಪ್ರಮಾಣಪತ್ರ ತೋರಿಸಬೇಕು. ಕೇಳುವ ಯಂತ್ರ ಅದರಲ್ಲಿ ಮೂರು ವಿಷಯ ನೋಡುತ್ತದೆ. ಇದಕ್ಕೆ ಸಹಿ ಹಾಕಿದವರು ನನಗೆ ಗೊತ್ತಿರುವ ದೊಡ್ಡವರೇ? ಇದರಲ್ಲಿರುವ ಹೆಸರು ನಾನು ಹುಡುಕಿಕೊಂಡು ಬಂದ ಹೆಸರೇ? ಇದರ ಅವಧಿ ಮುಗಿದಿಲ್ಲ ತಾನೇ? ಮೂರೂ ಸರಿಯಿದ್ದರೆ ಮಾತು, ಇಲ್ಲದಿದ್ದರೆ ಮುಖಕ್ಕೆ ಬಾಗಿಲು. ನೋಡಿ, ಅಕ್ಕ ಮಾಡುತ್ತಿದ್ದುದೂ ಇದನ್ನೇ. ಕಂಪ್ಯೂಟರು ಕಂಡುಹಿಡಿದವರು ಎರಡನೆಯ ವಾರ್ಡಿಗೆ ಬಂದು ಕಲಿತುಕೊಂಡು ಹೋದರೇನೋ ಎಂಬ ಹಾಗೆ.

ಆಯ್ತಣ್ಣ ಅದನ್ನೆಲ್ಲ ಸರಿಯಾಗಿಯೇ ಬರೆದಿದ್ದ. ಆದರೆ ತೋರಿಸಿ ಒಪ್ಪಿಸುವ ದಿನ ನಿಜವಾದ ಲ್ಯಾಬಿನ ಯಂತ್ರ ಇನ್ನೂ ಬಂದಿರಲಿಲ್ಲ. ಅದರ ಬದಲು ಆಯ್ತಣ್ಣನೇ ಜೋಡಿಸಿದ ಅಭ್ಯಾಸದ ಯಂತ್ರವಿತ್ತು. ನರ್ಸುಗಳು ಗುಂಡಿ ಒತ್ತಿ ಕಲಿಯಲೆಂದು ಮಾಡಿದ್ದು. ಯಾರ ವರದಿ ಕೇಳಿದರೂ ಅದೇ ಒಂದು ಮಾದರಿ ವರದಿ ಕೊಡುತ್ತಿತ್ತು. ಅದರ ಬಳಿ ಇದ್ದ ಪ್ರಮಾಣಪತ್ರಕ್ಕೆ ಅದೇ ಸಹಿ ಹಾಕಿಕೊಂಡಿತ್ತು. 'ನಾನು ಒಳ್ಳೆಯವನು, ಇಂತಿ ನಾನು' ಎಂದು ಬರೆದ ಶಿಫಾರಸು ಪತ್ರದಂಥದ್ದು. ತಂತ್ರಾಂಶ ಅದನ್ನು ನೋಡಿ ಮುಖ ತಿರುಗಿಸಿತು. ಗಂಟೆ ಹನ್ನೊಂದೂವರೆ, ಹನ್ನೆರಡಕ್ಕೆ ಆಸ್ಪತ್ರೆಯವರು ಬರುವವರಿದ್ದರು, ಕುರ್ಚಿಯ ಹಿಂದೆ ಮ್ಯಾನೇಜರು ನಿಂತು ಇವನ ಬೋಳು ತಲೆಯ ಮೇಲೆ ಉಸಿರು ಬಿಡುತ್ತಿದ್ದರು.

'ಇದನ್ನ ಸುಮ್ನೆ ಒಪ್ಕೊಳ್ಳೋ ಹಾಗೆ ಮಾಡೋಕಾಗಲ್ವಾ?'

'ಆಯ್ತು ಸರ್.'

ಅಂತರ್ಜಾಲದಲ್ಲಿ ಹುಡುಕಿದ. ಯಾರೋ ಪುಣ್ಯಾತ್ಮ ಒಂದೇ ಸಾಲಿನ ಪರಿಹಾರ ಬರೆದಿಟ್ಟಿದ್ದ. ಅದರ ಕೆಳಗೆ ನಾನೂರು ಜನ 'ನನ್ನ ಜೀವ ಉಳಿಸಿದಿರಿ' ಎಂದು ಕೈ ಮುಗಿದಿದ್ದರು. ಆ ಸಾಲಿನ ಅರ್ಥ ಇಷ್ಟೇ: ಯಾರು ಯಾವ ಪ್ರಮಾಣಪತ್ರ ತೋರಿಸಿದರೂ ಹೌದು ಎನ್ನು. ಸಹಿ ನೋಡಬೇಡ, ಹೆಸರು ನೋಡಬೇಡ, ತಾರೀಕು ನೋಡಬೇಡ. ಆಯ್ತಣ್ಣ ತನ್ನ ಸ್ವಭಾವವನ್ನೇ ಒಂದು ಸಾಲಿನಲ್ಲಿ ತಂತ್ರಾಂಶಕ್ಕೆ ಧಾರೆ ಎರೆದ. ಅದರ ಮೇಲೆ ಟಿಪ್ಪಣಿ ಬರೆದ: 'ತಾತ್ಕಾಲಿಕ. ನಾಳೆ ತೆಗೆಯುವುದು.'

ಒಂಬತ್ತು ವರ್ಷ ಕಳೆದರೂ ಆ ನಾಳೆ ಬರಲಿಲ್ಲ. ಈ ಭೂಮಿಯ ಮೇಲೆ ಶಾಶ್ವತವಾದದ್ದು ಯಾವುದಾದರೂ ಇದ್ದರೆ ಅದು ತಂತ್ರಾಂಶದೊಳಗಿನ ತಾತ್ಕಾಲಿಕ ಸಾಲು. ಬೆಟ್ಟ ಸವೆದೀತು, ಅದು ಸವೆಯದು. ಇದರಲ್ಲಿ ಇನ್ನೊಂದು ತಮಾಷೆಯಿತ್ತು. ಪರದೆಯ ಮೂಲೆಯಲ್ಲಿ ಪುಟ್ಟ ಬೀಗದ ಚಿತ್ರ ಹೊಳೆಯುತ್ತಲೇ ಇತ್ತು. ಆಡಿದ ಮಾತು ದಾರಿಯಲ್ಲಿ ಯಾರಿಗೂ ಅರ್ಥವಾಗದಂತೆ ಗುಟ್ಟಿನ ಲಿಪಿಗೆ ತಿರುಗಿಸುವ ಕೆಲಸ ಚೆನ್ನಾಗಿಯೇ ನಡೆದಿತ್ತು. ಆದರೆ ಆ ಗುಟ್ಟನ್ನು ಯಾರ ಕಿವಿಯಲ್ಲಿ ಉಸುರುತ್ತಿದ್ದೇವೆ ಎಂದು ಮಾತ್ರ ಯಾರೂ ನೋಡುತ್ತಿರಲಿಲ್ಲ. ಮನೆಯ ಗುಟ್ಟೆಲ್ಲ ಹೇಳಬೇಕೆಂದು ಅಚ್ಚುಕಟ್ಟಾಗಿ ಕಿಟಕಿ ಬಾಗಿಲು ಮುಚ್ಚಿ, ದಾರಿಹೋಕನನ್ನು ಒಳಗೆ ಕೂರಿಸಿಕೊಂಡ ಹಾಗೆ.

ತಂತ್ರಾಂಶ ವಾರ್ಡಿಗೆ ಬಂದ ದಿನ ಅಕ್ಕ ಅದನ್ನು ಸುತ್ತುಹಾಕಿ ನೋಡಿ, ತಮ್ಮನನ್ನು ಕೇಳಿದ್ದಳು.

'ಇದು ಕೇಳುತ್ತೇನೋ?'

'ಏನು ಅಕ್ಕ?'

'ವರದಿ ತಂದವನನ್ನ, ನೀನು ಯಾರು ಅಂತ.'

ಅವನು ಒಂದು ಕ್ಷಣ ನೆಲ ನೋಡಿ, 'ಕೇಳುತ್ತೆ ಅಕ್ಕ' ಎಂದಿದ್ದ. ನಾಳೆ ತೆಗೆಯುವ ಸಾಲಲ್ಲವೇ, ಸುಳ್ಳಿನ ಆಯುಸ್ಸೂ ಒಂದೇ ದಿನ ಎಂದುಕೊಂಡಿದ್ದ. ಅಕ್ಕ ಅಂದಿನಿಂದ ವಾರ್ಡಿಗೆ ಬಂದವರಿಗೆಲ್ಲ ಆ ಪರದೆ ತೋರಿಸಿ, 'ನನ್ನ ತಮ್ಮ ಬರೆದದ್ದು. ಯಾರನ್ನೂ ಕೇಳದೆ ಒಳಗೆ ಬಿಡಲ್ಲ. ಅದನ್ನ ಅವನಿಗೆ ಕಲಿಸಿದ್ದು ನಾನೇ' ಎನ್ನುತ್ತಿದ್ದಳು. ಅವಳು ಕೇಳದೆ ನಂಬಿದ ಒಂದೇ ಒಂದು ಜೀವ ಅವನು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಆಯ್ತಣ್ಣನಿಗೆ ಅಂಗಿಯೊಳಗೆ ಜಿರಳೆ ಹರಿದಂತಾಗುತ್ತಿತ್ತಂತೆ. ಆದರೂ ಸಾಲು ತೆಗೆಯಲಿಲ್ಲ. ತೆಗೆದರೆ ಏನಾದರೂ ನಿಂತುಹೋದೀತು, ಯಾಕೆ ನಿಂತಿತು ಎಂದು ಅಕ್ಕ ಕೇಳಿಯಾಳು ಎಂಬ ಭಯ.

ಹೀಗಿರುವಾಗ ಆಯ್ತಣ್ಣನ ಪಿತ್ತಕೋಶದಲ್ಲಿ ಕಲ್ಲುಗಳಾದವು. ಸ್ಕ್ಯಾನಿನ ಚಿತ್ರ ನೋಡಿದವರು ಅದರಲ್ಲಿ ಸಣ್ಣದೊಂದು ಕಾಂಪೌಂಡು ಕಟ್ಟಬಹುದು ಎಂದರು. ಅಕ್ಕ ಅವನನ್ನು ತನ್ನ ವಾರ್ಡಿಗೇ ಹಾಕಿಸಿಕೊಂಡಳು. ಅವಳಿಗೆ ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ. ಅಷ್ಟರೊಳಗೆ ತಮ್ಮನನ್ನು ಒಂದು ದಡ ಸೇರಿಸುವ ಆಸೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆಪರೇಷನ್. ಒಂಬತ್ತಕ್ಕೆಲ್ಲ ನಾನು ಅಲ್ಲಿಗೆ ಹೋದೆ. ನೋಡಿ ಬರಲು ಮಾತ್ರವಲ್ಲ, ಅವನ ಲ್ಯಾಪ್‌ಟಾಪು ಕೊಟ್ಟು ಬರಲು. 'ಹೇಗೂ ಮಲಗೇ ಇರ್ತಾನಲ್ಲ, ಕೈ ಖಾಲಿ ತಾನೇ' ಎಂದು ಮ್ಯಾನೇಜರು ಕಳಿಸಿದ್ದರು. ಕರುಣಾಳುಗಳು, ಹೊಟ್ಟೆ ಕೊಯ್ಯುವಾಗ ಕೆಲಸ ಮಾಡೆಂದು ಹೇಳಿರಲಿಲ್ಲ.

ವಾರ್ಡು ಉದ್ದನೆಯ ಕೋಣೆ. ಈಚೆ ಗಂಡಸರಿಗೆ ಹನ್ನೊಂದು ಮಂಚ, ನಡುವೆ ಹಸಿರು ಬಟ್ಟೆಯ ಪರದೆ, ಆಚೆ ಹೆಂಗಸರಿಗೆ ಏಳು. ಗೋಡೆ ಗಡಿಯಾರ ಏಳು ನಿಮಿಷ ಮುಂದೆ. ಔಷಧಿಯ ಗಾಡಿಯ ಒಂದು ಚಕ್ರ ಮಾತ್ರ ಕೀಚ್ ಎನ್ನುತ್ತಿತ್ತು. ಆ ಸದ್ದು ಹತ್ತಿರ ಬಂದಂತೆ ರೋಗಿಗಳು ತಾವಾಗಿಯೇ ಕೈ ಚಾಚುತ್ತಿದ್ದರು. ಆಯ್ತಣ್ಣ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಸೀಮೆ ಕಳೆದುಕೊಂಡ ರಾಜನ ಹಾಗೆ ಬಿದ್ದುಕೊಂಡಿದ್ದ.

ಅಕ್ಕ ಗಾಡಿ ನಿಲ್ಲಿಸಿ, 'ಹೆಸರು?' ಎಂದಳು.

'ಅಕ್ಕಾ, ನಾನು!'

'ನಾನು ಅನ್ನೋ ಹೆಸರು ಈ ಪಟ್ಟೀಲಿ ಇಲ್ಲ. ಹುಟ್ಟಿದ ತಾರೀಕು?'

'ನಾನು ಹುಟ್ಟಿದಾಗ ನೀನೇ ಪಕ್ಕದಲ್ಲಿದ್ದೆಯಲ್ಲ!'

'ಇದ್ದೆ. ನೀನೇ ಆ ಮಗು ಅಂತ ಏನು ಗ್ಯಾರಂಟಿ? ಆ ಮಗು ಚೆಂದ ಇತ್ತು.'

ಅಕ್ಕಪಕ್ಕದ ಮಂಚಗಳು ನಕ್ಕವು. ಅವನು ಹೆಸರು, ತಾರೀಕು ಒಪ್ಪಿಸಿದ. ಅಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಲ್ಯಾಬಿನ ವರದಿಗಳು ಬರತೊಡಗಿದವು, ಡ್ಯೂಟಿ ಡಾಕ್ಟರೂ ಬಂದರು. ವಯಸ್ಸು ಚಿಕ್ಕದು, ಕುತ್ತಿಗೆಗೆ ಸ್ಟೆತಸ್ಕೋಪು, ಮುಖದ ತುಂಬ ಆತ್ಮವಿಶ್ವಾಸ. ಆಯ್ತಣ್ಣನ ವರದಿ ನೋಡಿ ಅವರು ಹುಬ್ಬೇರಿಸಿದರು.

'ಖಾಲಿ ಹೊಟ್ಟೆ ಸಕ್ಕರೆ ಎಂಬತ್ನಾಲ್ಕು. ರಕ್ತ ಹದಿನೈದು ಪಾಯಿಂಟ್ ಮೂರು. ಕೊಬ್ಬು ನೂರರವತ್ತೊಂದು. ಏನ್ರೀ ಇದು, ಓಟಗಾರನ ರಕ್ತ ಇದ್ದ ಹಾಗಿದೆ! ಹನ್ನೊಂದಕ್ಕೆ ಧಾರಾಳವಾಗಿ ಮಾಡೋಣ.'

ಆಯ್ತಣ್ಣ ಅರಳಿದ. 'ಕೇಳಿದ್ಯಾ ಅಕ್ಕ? ಆರು ವರ್ಷದಿಂದ ಸಕ್ಕರೆ ಸಕ್ಕರೆ ಅಂತ ಪ್ರಾಣ ತಿಂದೆ. ಬಿಸ್ಕತ್ತು, ಮಾತ್ರೆ ಎರಡೂ ರಾಜಿ ಆಗಿವೆ ಅಂತ ನಾನು ಹೇಳ್ತಾನೇ ಇದ್ದೆ.'

'ನಿನ್ನ ರಕ್ತ ಇಷ್ಟು ಒಳ್ಳೇದಾಗೋಕೆ ಸಾಧ್ಯವೇ ಇಲ್ಲ' ಎಂದಳು ಅಕ್ಕ. ಆದರೆ ಡಾಕ್ಟರು ಆಗಲೇ ಮುಂದಿನ ಮಂಚಕ್ಕೆ ಹೋಗಿದ್ದರು. ಅಲ್ಲಿಯೂ ಎಂಬತ್ನಾಲ್ಕು. ಅದರ ಮುಂದಿನದಕ್ಕೂ ಎಂಬತ್ನಾಲ್ಕು. ನಿನ್ನೆ ಸಂಜೆ ಬಿಳಿಚಿ ಮಲಗಿದ್ದವರ ರಕ್ತವೆಲ್ಲ ಇಂದು ಬೆಳಿಗ್ಗೆ ಹದಿನೈದು ಪಾಯಿಂಟ್ ಮೂರು. ಯಾರಾದರೂ ಇಷ್ಟು ಹೊತ್ತಿಗೆ ಬೆಚ್ಚಿ ಬೀಳಬೇಕಿತ್ತು, ಡಾಕ್ಟರು ಬೀಗಿದರು. 'ಸಿಸ್ಟರ್, ಹೋದ ವಾರ ನಾನು ಔಷಧಿ ಬದಲಾಯಿಸಿದ್ದು ನೋಡಿ ಹೇಗೆ ಹಿಡೀತು!' ಇನ್ನೊಂದು ಗಂಟೆ ಬಿಟ್ಟಿದ್ದರೆ ವಾರ್ಡಿಗೆ ತಮ್ಮ ಹೆಸರನ್ನೇ ಇಡಿಸುತ್ತಿದ್ದರು.

ಹಸಿರು ಪರದೆಯಾಚೆ ನಾಲ್ಕನೆಯ ಮಂಚದಲ್ಲಿ ಒಬ್ಬ ಅಜ್ಜಿ ಇದ್ದಳು. ಹೃದಯದ ಕವಾಟ ಬದಲಾಯಿಸಿದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತೆಳು ಮಾಡುವ ಮಾತ್ರೆ ನುಂಗುತ್ತಿದ್ದಳು. ಆ ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ಒಳಗೇ ರಕ್ತಸ್ರಾವ. ಅದಕ್ಕೇ ದಿನವೂ ವರದಿ ನೋಡಿ ಅಳತೆ ಬರೆಯುವುದು.

'ಅಜ್ಜಿ, ನಿಮ್ಮ ರಕ್ತ ಮಾಮೂಲಿಗೆ ಬಂದ್ಬಿಟ್ಟಿದೆ. ಹೀಗಾದ್ರೆ ಹೆಪ್ಪುಗಟ್ಟುತ್ತೆ. ಇವತ್ತಿಂದ ಮಾತ್ರೆ ಎರಡರಷ್ಟು ತಗೊಳ್ಳಿ' ಎಂಬ ಡಾಕ್ಟರ ದನಿ ಕೇಳಿತು.

'ಹಲ್ಲುಜ್ಜಿದ್ರೆ ವಸಡಲ್ಲಿ ರಕ್ತ ನಿಲ್ತಾನೇ ಇಲ್ವಲ್ಲ ಮಗಾ?'

'ಬ್ರಷ್ ಬದಲಾಯಿಸಿ.'

ಈಚೆ ಆಯ್ತಣ್ಣ ಇನ್ನೂ ತನ್ನ ವರದಿ ನೋಡುತ್ತಾ ಹಲ್ಲು ಕಿರಿಯುತ್ತಿದ್ದ. 'ನಾನು ಕೆಲಸಕ್ಕೆ ಸೇರಿದಾಗ ಮಾಡಿಸಿದ ತಪಾಸಣೇಲೂ ಹೀಗೇ ಇತ್ತು ಕಣಯ್ಯ. ಎಂಬತ್ನಾಲ್ಕು. ಹದಿನೈದು ಪಾಯಿಂಟ್ ಮೂರು...' ಎಂದವನು ಅಲ್ಲಿಗೇ ನಿಲ್ಲಿಸಿದ. ಕಿರಿದ ಹಲ್ಲು ಕಿರಿದಂತೆಯೇ ಇತ್ತು, ಮುಖದ ಬಣ್ಣ ಮಾತ್ರ ಇಳಿಯಿತು.

'ಏನಾಯ್ತೋ?' ಎಂದೆ.

'ಹೀಗೇ ಅಲ್ಲ, ಇದೇ' ಎಂದು ಪಿಸುಗುಟ್ಟಿದ.

ನಡೆದದ್ದು ಇಷ್ಟು. ಅಭ್ಯಾಸದ ಯಂತ್ರಕ್ಕೆ ಮಾದರಿ ವರದಿಯೊಂದು ಬೇಕಾದಾಗ, ಅಂಕಿಗಳನ್ನು ಊಹಿಸಿ ಬರೆಯಲು ಬೇಸರವಾಗಿ, ಆಯ್ತಣ್ಣ ತನ್ನದೇ ಹಳೆಯ ತಪಾಸಣೆಯ ವರದಿಯನ್ನು ಸಾಲಿಗೆ ಸಾಲು ಇಳಿಸಿಬಿಟ್ಟಿದ್ದ. ಇಪ್ಪತ್ತೇಳನೆಯ ವಯಸ್ಸಿನ, ಕರಿದ ತಿಂಡಿ ಕಾಣದ ರಕ್ತ. ಈಗ ಆ ರಕ್ತ ಹದಿನೆಂಟು ಮಂಚಗಳಲ್ಲೂ ಹರಿಯುತ್ತಿತ್ತು, ಅಜ್ಜಿಯದೂ ಸೇರಿ. ಅಂದರೆ ವಾರ್ಡಿನ ಯಂತ್ರ ಲ್ಯಾಬೆಂದು ತಿಳಿದು ಮಾತಾಡುತ್ತಿದ್ದುದು ಆ ಅಭ್ಯಾಸದ ಯಂತ್ರದ ಜೊತೆ. ಅದು 'ನಾನೇ ಲ್ಯಾಬು' ಎಂದು ತನ್ನ ಸಹಿ ತಾನೇ ಹಾಕಿಕೊಂಡ ಪತ್ರ ತೋರಿಸಿತ್ತು. ಆಯ್ತಣ್ಣನ ಸಾಲು ತಲೆಯೆತ್ತಿಯೂ ನೋಡದೆ 'ಆಯ್ತು' ಎಂದಿತ್ತು.

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಅವನ ಬೆರಳು ಹಿಡಿದು ಸೂಜಿ ಚುಚ್ಚಿದಳು, ರಕ್ತದ ಹನಿಯನ್ನು ಕೈಯಲ್ಲಿದ್ದ ಸಕ್ಕರೆ ಅಳೆಯುವ ಪುಟ್ಟ ಯಂತ್ರಕ್ಕೆ ಮುಟ್ಟಿಸಿದಳು. ಅದು ಇನ್ನೂರ ಎಪ್ಪತ್ತೊಂದು ಎಂದಿತು.

'ನೋಡ್ದ್ಯಾ, ಓಟಗಾರ!' ಎಂದು ಅವಳು ಫೋನೆತ್ತಿ ಲ್ಯಾಬಿಗೆ ಹಚ್ಚಿದಳು. ಲ್ಯಾಬಿನ ಟೆಕ್ನೀಷಿಯನ್ನು ಮೆಲುದನಿಯ ಹೆಣ್ಣುಮಗಳು. ಅಕ್ಕ ಸ್ಪೀಕರಿಗೆ ಹಾಕಿದ್ದರಿಂದ ನಮಗೂ ಕೇಳುತ್ತಿತ್ತು.

'ಏನಮ್ಮಾ, ಎಂಥ ವರದಿ ಕಳಿಸ್ತಿದ್ದೀಯ ಬೆಳಿಗ್ಗೆಯಿಂದ?'

'ನಾವಿನ್ನೂ ಒಂದೂ ಕಳಿಸಿಲ್ಲ ಸಿಸ್ಟರ್. ಲ್ಯಾಬನ್ನ ಮೇಲಿನ ಮಹಡಿಗೆ ಸಾಗಿಸ್ತಾ ಇದ್ದೀವಿ, ಕಂಪ್ಯೂಟರ್ ಇನ್ನೂ ಪೆಟ್ಟಿಗೇಲೇ ಇದೆ.'

'ಸುಳ್ಳು ಹೇಳ್ಬೇಡ. ಹದಿನೆಂಟು ವರದಿ ಬಂದಿವೆ, ಲ್ಯಾಬಿಂದ ಅಂತಾನೇ ಬರೆದಿದೆ. ಈ ತಂತ್ರಾಂಶ ಕೇಳದೆ ಯಾರನ್ನೂ ಒಳಗೆ ಬಿಡಲ್ಲ, ನನ್ನ ತಮ್ಮ ಬರೆದದ್ದು.'

'ಸಿಸ್ಟರ್, ನಿಜವಾಗ್ಲೂ...' ಆ ಹೆಣ್ಣುಮಗಳ ದನಿ ನಡುಗತೊಡಗಿತು.

'ತಪ್ಪು ಮಾಡಿದ್ರೆ ಕ್ಷಮಿಸಬಹುದು. ಮಾಡೇ ಇಲ್ಲ ಅಂತೀಯಲ್ಲ! ಈಗಲೇ ನಿರ್ದೇಶಕರಿಗೆ ಬರೀತೀನಿ.'

ಆಯ್ತಣ್ಣ ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ. ಇಂಥ ಹೊತ್ತಿನಲ್ಲಿ ಫ್ಯಾನಿನಷ್ಟು ಆಸಕ್ತಿಯ ವಸ್ತು ಇನ್ನೊಂದಿಲ್ಲ. ಅವನು ಸುಮ್ಮನಿದ್ದಿದ್ದರೆ ಬೈಗುಳ ಲ್ಯಾಬಿಗೆ ಹೋಗುತ್ತಿತ್ತು. ಅಕ್ಕ ಇನ್ನೂ ನಾಲ್ಕು ತಿಂಗಳು ತಮ್ಮನನ್ನು ಹೊಗಳಿಕೊಂಡೇ ನಿವೃತ್ತಳಾಗುತ್ತಿದ್ದಳು. ಒಂಬತ್ತು ವರ್ಷದ ಸುಳ್ಳಿಗೆ ಇಂಥ ಒಳ್ಳೆಯ ಸಂಸ್ಕಾರ ಸಿಗುವುದು ಅಪರೂಪ. ಆದರೆ ಆಚೆಯಿಂದ ಅಜ್ಜಿ ಲೋಟಕ್ಕೆ ನೀರು ಬಗ್ಗಿಸಿಕೊಳ್ಳುವ ಸದ್ದು ಕೇಳಿತು.

'ಅಕ್ಕ.'

'ಸುಮ್ನಿರು, ಮಾತಾಡ್ತಿದ್ದೀನಿ.'

'ಅಕ್ಕ, ಅಜ್ಜಿಗೆ ಮಾತ್ರೆ ಕೊಡಬೇಡ. ಲ್ಯಾಬಿನವಳನ್ನೂ ಬೈಬೇಡ. ಅದು ಲ್ಯಾಬೇ ಅಲ್ಲ. ಅದು ಅಭ್ಯಾಸದ ಯಂತ್ರ. ಎಲ್ಲರ ವರದೀಲೂ ಇರೋದು ನನ್ನ ರಕ್ತ, ಹದಿನೆಂಟು ವರ್ಷದ ಹಿಂದಿಂದು.'

ಅಕ್ಕ ಫೋನನ್ನು ಎದೆಗೆ ಒತ್ತಿಕೊಂಡಳು. 'ಲ್ಯಾಬಲ್ಲದ್ದು ಲ್ಯಾಬು ಅಂತ ಹೇಳ್ಕೊಂಡು ಬಂದ್ರೆ, ಇದು ಕೇಳಬೇಕಿತ್ತಲ್ಲ, ನೀನು ಯಾರು ಅಂತ?'

ಅವನು ಮಣಿಕಟ್ಟಿನ ಪಟ್ಟಿ ತಿರುಗಿಸಿದ.

'ಕೇಳುತ್ತೆ ಅಂದಿದ್ದೆ.'

'ಕೇಳಲ್ಲ ಅಕ್ಕ.'

'ಯಾವತ್ತಿಂದ?'

'ಮೊದಲನೇ ದಿನದಿಂದ.'

ಅಕ್ಕ ಹಸಿರು ಪರದೆ ಸರಿಸಿ ಆಚೆ ಹೋದಳು. ಅಜ್ಜಿ ಡಾಕ್ಟರು ಕೊಟ್ಟ ಎರಡು ಮಾತ್ರೆ ಅಂಗೈಯಲ್ಲಿ ಹಿಡಿದು ಬಾಯಿ ತೆರೆದಾಗಿತ್ತು. ಅಕ್ಕ ಅಂಗೈಯಿಂದ ಅವನ್ನು ಎತ್ತಿಕೊಂಡಳು. 'ಕೊಟ್ಟು ಕಿತ್ಕೊಳ್ಳೋದು ಯಾವ ನ್ಯಾಯ?' ಎಂದಳು ಅಜ್ಜಿ. ಅಕ್ಕ ತಿರುಗಿ ಬಂದು, ಫೋನಿನಲ್ಲಿ ಲ್ಯಾಬಿನವಳಿಗೆ, 'ತಪ್ಪು ನಂದು ಕಣಮ್ಮ, ಕೇಳದೆ ನಂಬಿದ್ದೆ. ಬೆಳಗಿನ ವರದಿ ನಂಬಬೇಡಿ ಅಂತ ಎಲ್ಲ ವಾರ್ಡಿಗೂ ಹೇಳು. ಆ ಕಂಪ್ಯೂಟರ್ ಜೋಡಿಸೋ ತನಕ ಫೋನಲ್ಲೇ ಓದಿ ಹೇಳು, ನಾನು ತಿರುಗಿ ಓದಿ ಹೇಳ್ತೀನಿ' ಎಂದಳು. ಆಮೇಲೆ ತಮ್ಮನ ಕಡೆಗೆ ನೋಡದೆಯೇ ನನಗೆ ಹೇಳಿದಳು: 'ಅವನಿಗೆ ಲ್ಯಾಪ್‌ಟಾಪ್ ಕೊಡಿ.'

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

ವಾರ್ಡುಗಳ ಪರದೆಗಳೆಲ್ಲ ಆಸ್ಪತ್ರೆಯ ಒಂದೇ ಯಂತ್ರದಿಂದ ನಡೆಯುತ್ತಿದ್ದುದರಿಂದ ತಿದ್ದುವುದು ಒಂದೇ ಕಡೆ. ಮೊಣಕಾಲಿನ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು ಆಯ್ತಣ್ಣ ಆ ಸಾಲನ್ನು ಹುಡುಕಿದ. 'ತಾತ್ಕಾಲಿಕ. ನಾಳೆ ತೆಗೆಯುವುದು.' ಅಳಿಸಿದ. ಒಂಬತ್ತು ವರ್ಷ ತೆಗೆದುಕೊಂಡ ಕೆಲಸ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಮರುಕ್ಷಣ ಎಲ್ಲ ವಾರ್ಡುಗಳಲ್ಲೂ ಪರದೆ ಕೆಂಪಾಗಿ, 'ಇದು ಲ್ಯಾಬಿನ ಪ್ರಮಾಣಪತ್ರವಲ್ಲ. ಸಂಪರ್ಕ ನಿರಾಕರಿಸಲಾಗಿದೆ' ಎಂದಿತು. ಅಷ್ಟರಲ್ಲಿ ನೆಟ್‌ವರ್ಕಿನವನು ಓಡಿಬಂದು ತಪ್ಪೊಪ್ಪಿಕೊಂಡ. ಹೊಸ ನರ್ಸುಗಳ ತರಬೇತಿಗೆಂದು ಹಿಂದಿನ ಸಂಜೆ, ಲ್ಯಾಬಿನ ಯಂತ್ರ ಪೆಟ್ಟಿಗೆ ಸೇರಿದ ಮೇಲೆ, ಅಭ್ಯಾಸದ ಯಂತ್ರಕ್ಕೆ ಲ್ಯಾಬಿನ ವಿಳಾಸವನ್ನೇ ಕೊಟ್ಟಿದ್ದನಂತೆ. ವಾಪಸು ತೆಗೆಯುವುದು ಮರೆತಿದ್ದನಂತೆ. ಅವನಿಗೂ ಒಂದು ನಾಳೆ ಇತ್ತೆಂದಾಯಿತು.

ಹನ್ನೆರಡೂವರೆಗೆ ನಿಜವಾದ ಲ್ಯಾಬಿನ ಯಂತ್ರ ಪೆಟ್ಟಿಗೆಯಿಂದ ಹೊರಬಂದು ತನ್ನ ವಿಳಾಸಕ್ಕೆ ಕೂತಿತು. ಎಲ್ಲರೂ ಪರದೆ ನೋಡುತ್ತಾ ನಿಂತೆವು. ಪರದೆ ಕೆಂಪಾಗಿಯೇ ಇತ್ತು. 'ಪ್ರಮಾಣಪತ್ರದ ಅವಧಿ ಮುಗಿದಿದೆ.' ಯಾವಾಗ ಎಂದು ನೋಡಿದರೆ ನಾಲ್ಕು ವರ್ಷ ಎರಡು ತಿಂಗಳ ಹಿಂದೆ! ಕೇಳುವವರೇ ಇಲ್ಲದ ಮೇಲೆ ನವೀಕರಿಸುವವರು ಯಾರು? ಲ್ಯಾಬು ಸತ್ತ ಪತ್ರ ತೋರಿಸಿಕೊಂಡು ನಾಲ್ಕು ವರ್ಷ ಸಂಸಾರ ಮಾಡಿತ್ತು.

ಆಸ್ಪತ್ರೆ ಎದ್ದು ಕೂತಿತು. ಯಾರನ್ನೂ ಕೇಳದೆ ಒಳಗೆ ಬಿಡುತ್ತಿದ್ದ ಒಂಬತ್ತು ವರ್ಷ ಎಲ್ಲರೂ ತಂತ್ರಾಂಶ ಚೆನ್ನಾಗಿದೆ ಎಂದಿದ್ದರು. ಮೊದಲ ಸಲ ತನ್ನ ಕೆಲಸ ಮಾಡಿದ ದಿನವೇ ಕೆಟ್ಟುಹೋಗಿದೆ ಎಂದು ಏಳು ವಾರ್ಡಿನಿಂದ ದೂರು ಬಂತು. ದೂರು ನಮ್ಮ ಮ್ಯಾನೇಜರನ್ನು ಮುಟ್ಟಿತು, ಮ್ಯಾನೇಜರು ಆಯ್ತಣ್ಣನ ಫೋನು ಮುಟ್ಟಿದರು. ಅವರ ದನಿಗೆ ಸ್ಪೀಕರು ಬೇಕಿರಲಿಲ್ಲ.

'ಕೆಲಸ ಮಾಡ್ತಿದ್ದದ್ದನ್ನ ಯಾಕಯ್ಯಾ ಕೆಡಿಸಿದೆ? ಆಪರೇಷನ್ ಮಾಡಿಸ್ಕೊಳ್ಳೋಕೆ ಹೋದವನು ಆಪರೇಷನ್ ಮಾಡ್ತಾ ಕೂತಿದ್ದೀಯಲ್ಲ!'

'ಸರ್, ಅದು ಯಾರ ಮಾತನ್ನಾದ್ರೂ ನಂಬ್ತಿತ್ತು.'

'ನಂಬಲಿ! ಒಂದೇ ಒಂದು ಸಾಲು ತಾನೇ, ವಾಪಸ್ ಹಾಕು. ಇವತ್ತಿಗೆ ಮಾತ್ರ. ನಾಳೆ ತೆಗೆಯೋಣ.'

ಅಕ್ಕ ಔಷಧಿಯ ಗಾಡಿ ಹಿಡಿದು ನಿಂತಿದ್ದಳು. ಅವನನ್ನು ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದಳು. ನನಗಂತೂ ಅವನ ತುಟಿ 'ಆ' ಎಂಬಲ್ಲಿಗೆ ಬಂದು ನಿಂತದ್ದು ಕಂಡಿತು. ನಲವತ್ತಮೂರೂವರೆ ವರ್ಷದ ಅಭ್ಯಾಸ, ಉಳಿದದ್ದು ತಾನಾಗಿ ಹೊರಬೀಳಬೇಕು. ಬೀಳಲಿಲ್ಲ. ಪಿತ್ತಕೋಶದ ಕಲ್ಲುಗಳು ಒಂದಕ್ಕೊಂದು ಬಡಿದುಕೊಂಡದ್ದು ನನಗೆ ಕೇಳಿಸಿತೆಂದರೆ ನೀವು ನಂಬಬೇಕು.

'ಆಗಲ್ಲ ಸರ್' ಎಂದ.

ಆ ಕಡೆ ಎಷ್ಟು ಮೌನವಾಯಿತೆಂದರೆ, ಮ್ಯಾನೇಜರು ತಪ್ಪು ನಂಬರಿಗೆ ಫೋನು ಮಾಡಿದೆನೇನೋ ಎಂದು ಪರೀಕ್ಷಿಸಿ ನೋಡಿರಬೇಕು. 'ಯಾರು ಮಾತಾಡ್ತಿರೋದು?' ಎಂದರು. ಆಯ್ತಣ್ಣ ಹೆಸರು ಹೇಳಿದ, ಹುಟ್ಟಿದ ತಾರೀಕನ್ನೂ ಹೇಳಿದ.

ಲ್ಯಾಬಿಗೆ ಹೊಸ ಪ್ರಮಾಣಪತ್ರ ತರಿಸುವುದಕ್ಕೆ ಮಧ್ಯಾಹ್ನ ಮೂರು ಗಂಟೆಯಾಯಿತು. ಅಲ್ಲಿಯವರೆಗೆ ಎಲ್ಲ ವಾರ್ಡಿನವರೂ ಫೋನಿನಲ್ಲಿ ಓದಿಸಿಕೊಂಡು, ತಿರುಗಿ ಓದಿ, ಬರೆದುಕೊಂಡರು, ಬೈದುಕೊಂಡೂ ಬರೆದುಕೊಂಡರು. ನಿಜವಾದ ವರದಿಗಳಲ್ಲಿ ರೋಗಿಗಳೆಲ್ಲ ಮತ್ತೆ ರೋಗಿಗಳಾದರು. ಅಜ್ಜಿಯ ರಕ್ತ ನೀರಿನಷ್ಟು ತೆಳ್ಳಗಿತ್ತು. ಮಾತ್ರೆ ಎರಡರಷ್ಟು ಮಾಡುವುದಿರಲಿ, ಎರಡು ದಿನ ನಿಲ್ಲಿಸಬೇಕಾಯಿತು. ಡ್ಯೂಟಿ ಡಾಕ್ಟರು ಅಜ್ಜಿಗೆ ತಾವೇ ಹೊಸ ಬ್ರಷ್ ತಂದುಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಂಡರು. ಆಯ್ತಣ್ಣನ ಆಪರೇಷನ್ ಮೂರು ವಾರ ಮುಂದೆ ಹೋಯ್ತು, ಸಕ್ಕರೆ ಇಳಿಯುವವರೆಗೆ. ಅವನ ಮೇಲಿನ ಡ್ರಾಯರು ಖಾಲಿ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಗೆಳೆಯನಿಗಾಗಿ ಅಷ್ಟನ್ನೂ ತಿಂದು ಮುಗಿಸಿದೆ.

ಸಂಜೆ ಐದಕ್ಕೆ ಅವನು ಮನೆಗೆ ಹೊರಡಲು ಚೀಲ ಕಟ್ಟುತ್ತಿದ್ದಾಗ ಅಕ್ಕ ಬಂದಳು. ಬೆಳಗಿನಿಂದ ಅವನ ಜೊತೆ ಮಾತಾಡಿರಲಿಲ್ಲ.

'ಈಗ ಕೇಳುತ್ತಾ?'

ಅವನು ಲ್ಯಾಪ್‌ಟಾಪು ತೆಗೆದು, ಅಭ್ಯಾಸದ ಯಂತ್ರವನ್ನು ಲ್ಯಾಬೆಂದು ಹೇಳಿಸಿ ಕಳಿಸಿದ. ಪರೀಕ್ಷೆಗೆಂದು ಇಟ್ಟಿದ್ದ ಪರದೆ ಕೆಂಪಾಯಿತು.

'ಇನ್ನೊಂದ್ಸಲ' ಎಂದಳು ಅಕ್ಕ.

ಮತ್ತೆ ಕಳಿಸಿದ, ಮತ್ತೆ ಕೆಂಪಾಯಿತು. ಅವಧಿ ಮುಗಿದ ಹಳೆಯ ಪತ್ರ ತೋರಿಸಿದ, ಕೆಂಪಾಯಿತು. ಬೇರೆ ಹೆಸರಿನ ಪತ್ರ ತೋರಿಸಿದ, ಕೆಂಪಾಯಿತು. ನಿಜವಾದ ಲ್ಯಾಬಿಗೆ ತಿರುಗಿಸಿದ, ಹಸಿರಾಯಿತು. ಅಕ್ಕ ಹನ್ನೊಂದು ಸಲ ಮಾಡಿಸಿದಳು. ಒಂದೊಂದು ಸಲವೂ ಅವಳು ನೋಡುತ್ತಿದ್ದುದು ಪರದೆಯನ್ನಲ್ಲ, ಅವನ ಮುಖವನ್ನು.

'ನಾನು ಹೋದ್ಮೇಲೆ?'

'ನೀನು ಹೋದ್ಮೇಲೂ ಬಂದು ನೋಡು ಅಕ್ಕ. ನನ್ನನ್ನ ಕೇಳಬೇಡ.'

ಅಕ್ಕ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಆಮೇಲೆ ಗಾಡಿಯಿಂದ ಅವನ ಸಂಜೆಯ ಸಕ್ಕರೆ ಮಾತ್ರೆ ತೆಗೆದು ಪುಟ್ಟ ಲೋಟಕ್ಕೆ ಹಾಕಿದಳು. ಕೊಡಲಿಲ್ಲ, ಹಿಡಿದುಕೊಂಡೇ ಇದ್ದಳು.

'ಹೆಸರು?' ಎಂದಳು.

ಅವನು ಹೇಳಿದ. ತಾರೀಕು ಹೇಳಿದ. ಕೇಳುವ ಮೊದಲೇ ಕೈ ಚಾಚಿ ಪಟ್ಟಿ ಮೇಲೆ ಮಾಡಿದ, ನಾಲ್ಕು ಬೆರಳು ಉದ್ದವಿರುವ ಎಡಗೈಯನ್ನೇ. ಅವಳು ಕನ್ನಡಕ ಮೂಗಿನ ಮೇಲೆ ಸರಿಸಿಕೊಂಡು, ಒಂದೊಂದಕ್ಷರವನ್ನೂ ಓದಿ, ಚೀಟಿಗೆ ಹೊಂದಿಸಿ ನೋಡಿ, ಮಾತ್ರೆ ಕೊಟ್ಟಳು.